ಚೀಜಾ ಕಾಯಿಯ ಪಟ್ಟು

ನಾಮ್ಹೆ,
ಏಪ್ರಿಲ್ 16, 1984

ಮಗ ಉನ್‌ತೇಕನಿಗೆ,

ನಿನ್ನ ಕಾಗದ ಬಂತು. ನಾಲ್ಕೇ ಸಾಲು. ಇಡೀ ದೇಶದ ಶಾಲಾ ಹುಡುಗರ ಕುಸ್ತಿಯಲ್ಲಿ ನಾಲ್ವರಲ್ಲಿ ಒಬ್ಬನಾಗಿ ಕಂಚು ಗೆದ್ದವನ ಹತ್ತಿರ ಹೆತ್ತವಳಿಗೆ ಐದನೆಯ ಸಾಲು ಬರೆಯುವಷ್ಟು ಶಾಯಿ ಇರಲಿಲ್ಲವೇ?

ನಿನ್ನೆ ಭಾನುವಾರ ಇಡೀ ಸಭೆಗೆ ಅಕ್ಕಿ ಕಡುಬು ಹಂಚಿಸಿದೆ. ನಮ್ಮ ಮೀನು ಒಣಗಿಸುವ ಅಂಗಳದ ಹೆಂಗಸರು ಆರು ಜನವೂ ಶನಿವಾರವೇ ಬಂದು ಬೇಯಿಸಿದ ಅಕ್ಕಿಯನ್ನು ಕುಟ್ಟಿ, ಹುರಿದ ಸೋಯಾ ಪುಡಿಯಲ್ಲಿ ಹೊರಳಿಸಿದರು. ಸಭಾಪಾಲಕರು ಪೀಠದಿಂದ ನಿನ್ನ ಹೆಸರು ಹಿಡಿದು ಕರ್ತನಿಗೆ ಸ್ತೋತ್ರ ಹೇಳಿದರು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ನಗುವುದು ಕಾಣಿಸುತ್ತಿತ್ತು.

ಪಂದ್ಯ ನೋಡಲು ಹೋಗಿದ್ದ ಸಭಾಹಿರಿಯರಾದ ತಾಕ್ ಅವರು ಕಡುಬು ಬಾಯಲ್ಲಿಟ್ಟುಕೊಂಡೇ ಮಾತಾಡಿದರು. "ನಾಲ್ವರೊಳಗೆ ಬರೋ ಆಟದಲ್ಲಿ ಆ ಸಾಂಗ್ಜು ಹುಡುಗ ಇದ್ನಲ್ಲ, ಹಿರಿಯಮ್ಮ, ಮಾಗಿದ ಹಣ್ಣು ಉದುರಿದ ಹಾಗೆ ಉದುರಿದ. ನಮ್ಮವನು ಇನ್ನೂ ಎತ್ತೇ ಇರಲಿಲ್ಲ."

"ಎತ್ತದೆ ಉದುರೋಕೆ ಅವನೇನು ಹಣ್ಣಾ? ಮೊದಲು ನಿಮ್ಮ ಕನ್ನಡಕ ಬದಲಾಯಿಸಿ," ಎಂದೆ. ಸುತ್ತ ಇದ್ದವರೆಲ್ಲ ನಕ್ಕರು.

ಹೋದ ವರ್ಷ ನೀನು ಇದೇ ಪಂದ್ಯದಲ್ಲಿ ಕಾಲು ಉಳುಕಿ ಸೋತು ಬಂದಿದ್ದೆ. ನಾನು ಉಳುಕಿನ ಮದ್ದಾದ ಚೀಜಾ ಕಾಯಿ ಅರೆದು ಏಳು ದಿನ ಪಟ್ಟು ಕಟ್ಟಿದ್ದೆ. ಅಂದು ಕಳೆದದ್ದನ್ನು ಕರ್ತನು ಈ ವರ್ಷ ತುಂಬಿಕೊಟ್ಟಿದ್ದಾನೆ. ಪದಕವಿದ್ದ ಮೇಲೆ ಇನ್ನು ವಿಶ್ವವಿದ್ಯಾಲಯದ ಬಾಗಿಲು ನಿನಗೆ ತೆರೆದೇ ಇದೆ. ನಿನ್ನಪ್ಪ ಸಮುದ್ರಕ್ಕೆ ಹೋಗಿ ಹಿಂದಿರುಗದೆ ಹದಿಮೂರು ವರ್ಷ. ಒಣಮೀನಿನ ವಾಸನೆಯಿಂದ ನಿನ್ನನ್ನಾದರೂ ಹೊರಗೆ ಕಳಿಸುತ್ತೇನೆಂದು ಆ ವರ್ಷವೇ ಅಂದುಕೊಂಡಿದ್ದೆ.

ಹೆಮ್ಮೆ ಪಡಬೇಡ. ನಿನ್ನ ತಾತ, ಆಗ ನಮ್ಮನ್ನಾಳುತ್ತಿದ್ದ ಜಪಾನಿನವರ ಗುಡಿಗೆ ತಲೆ ಬಾಗಿಸಲಿಲ್ಲವೆಂದು ಹನ್ನೊಂದು ತಿಂಗಳು ಜೈಲಿನಲ್ಲಿದ್ದವರು. ಆ ಮನೆಯ ಹುಡುಗ ನೀನು. ಅಂಗಳದ ಫೋನಿಗೆ ಊರೆಲ್ಲ ಕಿವಿಕೊಡುತ್ತದೆ. ಹೇಳುವುದಿದ್ದರೆ ಬರೆದು ಹೇಳು.

ನಿನ್ನ ತಾಯಿ,
ಪ್ಯೋ ಸುನ್‌ದೊಕ್


ಮಾಸಾನ್,
ಮೇ 13, 1984

ಅಮ್ಮನವರಿಗೆ ಉನ್‌ತೇಕ್ ತಲೆಬಾಗಿ ಬರೆಯುವುದು.

ಐದನೆಯ ಸಾಲು ಏಕಿಲ್ಲ ಎಂದು ಕೇಳಿದ್ದಿರಿ. ಬರೆಯಲು ಇಷ್ಟು ದಿನ ಬೇಕಾಯಿತು.

ಸಾಂಗ್ಜು ಹುಡುಗನ ಎದುರು ನಾನು ಗೆಲ್ಲಲಿಲ್ಲ. ನನಗೆ ಗೆಲುವನ್ನು ಕೊಟ್ಟರು. ತಾಕ್ ಅವರ ಕನ್ನಡಕ ಸರಿಯಾಗಿಯೇ ಇದೆ.

ಎದುರಾಳಿಯ ಸೊಂಟಕ್ಕೂ ತೊಡೆಗೂ ಬಿಗಿದ ಸತ್ಬಾ ಪಟ್ಟಿಯನ್ನು ಹಿಡಿದುಕೊಂಡೇ ನಾವು ಮರಳಿನಿಂದ ಏಳುತ್ತೇವೆ. ಅದನ್ನು ಹಿಡಿದ ಕೈಗೆ ಎಲ್ಲ ತಿಳಿಯುತ್ತದೆ. ಎದುರಿನವನಿಗೆ ಹೆದರಿಕೆಯೇ, ಹಸಿವೆಯೇ, ಯಾವ ಕಾಲಿನ ಮೇಲೆ ಭಾರ ಬಿಟ್ಟಿದ್ದಾನೆ, ಎಲ್ಲವೂ. ನಾನು ಎಳೆದರೆ ಅವನೂ ಎಳೆಯಬೇಕು. ಆ ದಿನ ನಾನು ಎಳೆದಾಗ ಆ ಕಡೆಯಿಂದ ಏನೂ ಬರಲಿಲ್ಲ. ಬಾವಿಗೆ ಬಿಟ್ಟ ಹಗ್ಗಕ್ಕೆ ಬಿಂದಿಗೆಯೇ ಇಲ್ಲದ ಹಾಗಿತ್ತು. ಅವನ ಬೆರಳು ನನ್ನ ಪಟ್ಟಿಯ ಮೇಲೆ ಸುಮ್ಮನೆ ಇತ್ತು. ಆಮೇಲೆ ಅವನೇ ಬಿದ್ದ.

ನಮಗೆ ಕುಸ್ತಿ ಕಲಿಸುವ ಯೊಮ್ ಮೇಷ್ಟ್ರನ್ನು ಕೇಳಿದೆ. "ಆ ಹುಡುಗ ಬೇಕಂತ ಬಿದ್ನಾ, ಮೇಷ್ಟ್ರೇ?"

"ಬಿದ್ದ. ಏನೀಗ? ಅವನು ಎರಡನೇ ವರ್ಷದವನು, ನೀನು ಕೊನೇ ವರ್ಷದವನು. ಅವನಿಗೆ ಇನ್ನೊಂದು ವರ್ಷ ಇದೆ, ನಿನಗಿಲ್ಲ. ಮುಂದಿನ ವರ್ಷ ಅವನಿಗೂ ಯಾರಾದ್ರೂ ಬೀಳ್ತಾರೆ. ಹೋದ ವರ್ಷ ನೀನು ಬೀಳುವಾಗ ಇದನ್ನೆಲ್ಲ ನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಅಮ್ಮ, ಹೋದ ವರ್ಷ ನನ್ನ ಕಾಲು ಉಳುಕಿರಲಿಲ್ಲ. ಕೊನೆಯ ವರ್ಷದ ಒಬ್ಬ ಅಣ್ಣನಿಗೆ ಗೆಲುವು ಬೇಕಾಗಿತ್ತು. ಬೀಳು ಎಂದರು, ಬಿದ್ದೆ. ಮನೆಗೆ ಬಂದು ಕಾಲು ಎಂದೆ. ನೀವು ಒಂದು ಮಾತೂ ಕೇಳದೆ ಏಳು ದಿನ ಪಟ್ಟು ಕಟ್ಟಿದಿರಿ. ಏಳು ದಿನವೂ ನಾನು ಕಣ್ಣು ಮುಚ್ಚಿಕೊಂಡು ಮಲಗಿದ್ದೆ.

ವಿಶ್ವವಿದ್ಯಾಲಯದ ಕಾಗದಕ್ಕೆ ಜುಲೈಗೆ ಮೊದಲು ಸಹಿ ಹಾಕಬೇಕು. ನಾನು ಏನು ಮಾಡಲಿ?

ಮಗ,
ಉನ್‌ತೇಕ್


ನಾಮ್ಹೆ,
ಮೇ 17, 1984

ಉನ್‌ತೇಕನಿಗೆ,

ಏನು ಮಾಡಲಿ ಎಂದು ಕೇಳುವುದಕ್ಕೆ ಏನಿದೆ? ಪದಕವನ್ನು ಹಿಂದಿರುಗಿಸು. ಕುಸ್ತಿ ಸಂಘದ ಕಚೇರಿಗೆ ಹೋಗಿ, ಈ ಗೆಲುವು ನನ್ನದಲ್ಲ ಎಂದು ನಿಂತುಕೊಂಡು ಹೇಳು. ಕುಳಿತು ಹೇಳಬೇಡ. ವಿಶ್ವವಿದ್ಯಾಲಯದ ಕಾಗದಕ್ಕೆ ಸಹಿ ಬೇಡ.

ಸರದಿಯಂತೆ ಬೀಳುವುದು, ಸರದಿಯಂತೆ ಏಳುವುದು ನಿಮ್ಮ ಮೇಷ್ಟ್ರ ಲೆಕ್ಕವಿರಬಹುದು. ಕರ್ತನ ಮುಂದೆ ಸರದಿ ಎಂಬುದಿಲ್ಲ. "ಎಲ್ಲರೂ ಬಾಗ್ತಿದ್ದಾರೆ, ಒಂದು ಸಲ ಬಾಗಿಬಿಡಿ," ಎಂದು ನಿನ್ನ ತಾತನಿಗೂ ಊರವರು ಹೇಳಿದ್ದರು. ಅವರು ಜೈಲಿನಿಂದ ಬಂದಾಗ ಚಮಚ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ನನ್ನಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಆ ಬಾಯಿ ಒಂದು ದಿನವೂ ಸುಳ್ಳು ಹೇಳಲಿಲ್ಲ.

ಹೋದ ವರ್ಷದ ಕಾಲಿನ ಮಾತನ್ನು ಅಲ್ಲಿ ತೆಗೆಯಬೇಡ. ಅದು ಮುಗಿದದ್ದು, ಯಾರೂ ಕೇಳಿಲ್ಲ. ಈ ಪದಕದ ಮಾತಷ್ಟೇ ಹೇಳು.

ನಸುಕಿನ ಪ್ರಾರ್ಥನೆಯಲ್ಲಿ ದಿನವೂ ನಿನ್ನ ಹೆಸರಿದೆ.

ತಾಯಿ


ಮಾಸಾನ್,
ಜೂನ್ 24, 1984

ಅಮ್ಮನವರಿಗೆ,

ನೀವು ಹೇಳಿದಂತೆ ನಿಂತುಕೊಂಡೇ ಹೇಳಿದೆ. ಪದಕ ಮೇಜಿನ ಮೇಲಿಟ್ಟೆ. ಬೇರೆ ಯಾರ ಹೆಸರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಆಟದಲ್ಲಿ ನನ್ನೆದುರು ಆಡಿದವನು ಒಬ್ಬನೇ ತಾನೆ. ಅಧಿಕಾರಿ ಪುಸ್ತಕ ತೆರೆದು ಬೆರಳಿಟ್ಟು ಓದಿದರು: ಮೆಂಗ್ ಪಿಲ್‌ಮೋ, ಸಾಂಗ್ಜು.

ಹೋದ ವಾರ ತೀರ್ಪು ಬಂತು. ನನಗೆ ಗೊತ್ತಿಲ್ಲದೆ ಆದ ಗೆಲುವು, ಆದ್ದರಿಂದ ನನ್ನ ಮೇಲೆ ದೋಷವಿಲ್ಲ. ಬೇಕೆಂದೇ ಬಿದ್ದ ಪಿಲ್‌ಮೋಗೆ ಒಂದು ವರ್ಷ ನಿಷೇಧ. ಮುಂದಿನ ವಸಂತದಲ್ಲಿ ಅವನು ಆಡುವಂತಿಲ್ಲ. ಎಂದರೆ ಅವನಿಗೆ ಆ ಮುಂದಿನ ವರ್ಷವೇ ಇಲ್ಲ. ಇಬ್ಬರು ಮೇಷ್ಟ್ರಿಗೂ ಎಚ್ಚರಿಕೆಯ ಕಾಗದ ಬಂದಿದೆ, ಅಷ್ಟೇ.

ಹಾಸ್ಟೆಲಿನಲ್ಲಿ ನಾನು ಊಟಕ್ಕೆ ಕುಳಿತರೆ ಹುಡುಗರು ತಟ್ಟೆ ಎತ್ತಿಕೊಂಡು ಆಚೆ ಹೋಗುತ್ತಾರೆ. ನಿನ್ನೆ ನನ್ನ ಸತ್ಬಾ ಪಟ್ಟಿಯನ್ನು ಯಾರೋ ನಾಲ್ಕು ತುಂಡು ಮಾಡಿ ಹಾಸಿಗೆಯ ಮೇಲೆ ಮಡಚಿಟ್ಟಿದ್ದರು. "ಪಾದ್ರಿಗಳು ಬಂದ್ರು, ಎದ್ದೇಳ್ರೋ," ಎನ್ನುತ್ತಾರೆ. ಅದನ್ನು ತಾಳಿಕೊಳ್ಳಬಲ್ಲೆ.

ತಾಳಲಾರದ್ದು ಬೇರೆ ಇದೆ. ಪಿಲ್‌ಮೋಗೆ ಹದಿನೇಳು ವರ್ಷ. ಅಪ್ಪ ಅಮ್ಮ ಇಲ್ಲ, ಅಜ್ಜಿ ಸಾಕಿದ ಹುಡುಗ. ಹೋದ ವರ್ಷ ನಾನು ಏನು ಮಾಡಿದೆನೋ ಈ ವರ್ಷ ಅವನು ಅದನ್ನೇ ಮಾಡಿದ. ಅವನದು ಪುಸ್ತಕದಲ್ಲಿದೆ, ನನ್ನದು ಇಲ್ಲ. ನೀವು ಹೇಳಬೇಡ ಎಂದದ್ದನ್ನು ನಾನು ಹೇಳಲಿಲ್ಲ. ಬಾಯಿಯ ತನಕ ಬಂದಿತ್ತು, ಅಮ್ಮ.

ಮಗ,
ಉನ್‌ತೇಕ್


ನಾಮ್ಹೆ,
ಜುಲೈ 2, 1984

ಉನ್‌ತೇಕನಿಗೆ,

ನಿನ್ನ ಕಾಗದಕ್ಕಿಂತ ಮೊದಲೇ ಪತ್ರಿಕೆ ಬಂದಿತ್ತು. 'ಪದಕ ಹಿಂದಿರುಗಿಸಿದ ಪ್ರಾಮಾಣಿಕ ಹುಡುಗ' ಎಂದು ನಿನ್ನ ಚಿತ್ರ. ಸಭಾಪಾಲಕರು ಅದನ್ನು ಕತ್ತರಿಸಿ ಸಭೆಯ ಗೋಡೆಗೆ ಅಂಟಿಸಿದ್ದಾರೆ. ಭಾನುವಾರದ ಪ್ರಸಂಗವೂ ಅದರ ಮೇಲೆಯೇ. ಮುಗಿದ ಮೇಲೆ ತಾಕ್ ಅವರು ನನ್ನ ಮುಂದೆ ಬಂದು, "ಪದಕ ತಂದಾಗ ನಾನು ಬರೀ ಕಡುಬು ತಿಂದೆ, ಹಿರಿಯಮ್ಮ. ಪದಕ ವಾಪಸ್ ಕೊಟ್ಟಾಗ ಕಣ್ಣೀರು ಬಂತು," ಎಂದರು.

ಇನ್ನೊಂದು ಸುದ್ದಿ. ಆ ಚಿತ್ರ ನೋಡಿ ನಮ್ಮ ಸಭೆಗಳವರು ನಡೆಸುವ ಒಂದು ಕಾಲೇಜಿನಿಂದ ಸಭಾಪಾಲಕರಿಗೆ ಕಾಗದ ಬಂದಿದೆ. ಇಂಥ ಹುಡುಗ ಬೇಕು, ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳುತ್ತೇವೆ ಎಂದು. ನೋಡಿದೆಯಾ, ನೇರವಾಗಿ ನಡೆದವನನ್ನು ಕರ್ತನು ಕೈಬಿಡುವುದಿಲ್ಲ. ಒಪ್ಪಿಗೆ ಬರೆದು ಕಳಿಸು. ತಡ ಮಾಡಬೇಡ.

ಸಾಂಗ್ಜು ಹುಡುಗನಿಗಾಗಿ ಹೆಂಗಸರ ಕೂಟದಲ್ಲಿ ಪ್ರಾರ್ಥನೆ ಮಾಡುತ್ತಿದ್ದೇವೆ. ಅವನಿಗೂ ಒಂದು ದಾರಿ ಇದ್ದೇ ಇರುತ್ತದೆ. ಅದನ್ನು ತಲೆಯಲ್ಲಿಟ್ಟುಕೊಂಡು ಊಟ ಬಿಡಬೇಡ. ಹುರಿದ ಒಣಮೀನು ಕಳಿಸಿದ್ದೇನೆ. ತಟ್ಟೆ ಎತ್ತಿಕೊಂಡು ಹೋದವರಿಗೂ ಕೊಡು.

ತಾಯಿ


ನಾಮ್ಹೆ,
ಸೆಪ್ಟೆಂಬರ್ 24, 1984

ಉನ್‌ತೇಕ,

ಜುಲೈಯಿಂದ ನಿನಗೆ ಬರೆಯುತ್ತಿರುವ ನಾಲ್ಕನೆಯ ಕಾಗದ ಇದು. ಹಿಂದಿನ ಮೂರಕ್ಕೂ ಉತ್ತರವಿಲ್ಲ.

ಎಲ್ಲರ ಮಕ್ಕಳೂ ಊರಿಗೆ ಬರುವ ಚುಸೊಕ್ ಹಬ್ಬಕ್ಕೂ ನೀನು ಬರಲಿಲ್ಲ. ಬಸ್ಸು ನಿಲ್ಲುವ ಕಡೆ ಅಂಗಳದ ಹೆಂಗಸರನ್ನು ಸರದಿಯಂತೆ ನಿಲ್ಲಿಸಿದ್ದೆ. ಅಂಗಳದ ಫೋನಿನಿಂದಲೇ, ಊರೆಲ್ಲ ಕೇಳಿಸಿಕೊಳ್ಳಲಿ ಎಂದು, ಯೊಮ್ ಮೇಷ್ಟ್ರಿಗೆ ಫೋನು ಮಾಡಿದೆ. "ನಿಮ್ಮ ಪ್ರಾಮಾಣಿಕ ಮಗ ಆಗಸ್ಟಿನಲ್ಲೇ ಗಂಟು ಕಟ್ಟಿಕೊಂಡು ಹೋದ, ತಾಯಿ. ನಮಗೆ ಹೇಳಿ ಹೋಗೋಷ್ಟು ಮರ್ಯಾದೆ ಅವನಿಗೆಲ್ಲಿ," ಎಂದರು. ನನ್ನ ಜೊತೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಫೋನು ಇಟ್ಟುಬಿಟ್ಟೆ.

ಕಾಲೇಜಿನವರು ಸಭಾಪಾಲಕರ ಮೂಲಕ ಎರಡು ಸಲ ಕೇಳಿದರು. ಮಗನಿಗೆ ಮೈ ಹುಷಾರಿಲ್ಲ ಎಂದೆ. ಸುಳ್ಳು ಹೇಳಿದೆ ಎಂದು ಹೊಳೆದದ್ದು ಅವರ ಮನೆಯ ಹೊಸಿಲು ದಾಟಿದ ಮೇಲೆ.

ಬೇರೆ ವಿಳಾಸ ನನಗೆ ಗೊತ್ತಿಲ್ಲ. ಹಾಸ್ಟೆಲಿಗೇ ಕಳಿಸುತ್ತಿದ್ದೇನೆ. ಯಾರಾದರೂ ದಯೆಯಿಟ್ಟು ತಲುಪಿಸಲಿ. ಎಲ್ಲಿದ್ದೀಯ ಎಂದಷ್ಟೇ ಬರೆ. ನಾಲ್ಕು ಸಾಲು ಬೇಡ, ಒಂದು ಸಾಕು.

ಅಮ್ಮ


ಸಾಂಗ್ಜು,
ನವೆಂಬರ್ 5, 1984

ಅಮ್ಮನವರಿಗೆ,

ನಿಮ್ಮ ಕಾಗದ ಹಾಸ್ಟೆಲಿನ ಅಡುಗೆಯವರ ಕೈಯಿಂದ ತಿರುಗಿ ತಿರುಗಿ ಮೊನ್ನೆ ತಲುಪಿತು. ನಾನು ಪಿಲ್‌ಮೋನ ಅಜ್ಜಿಯ ಮನೆಯಲ್ಲಿದ್ದೇನೆ.

ಆಗಸ್ಟಿನಲ್ಲಿ ಮೊದಲು ಸಂಘದ ಕಚೇರಿಗೆ ಹೋದೆ. ಹೋದ ವರ್ಷ ನಾನೂ ಹೀಗೆಯೇ ಬಿದ್ದೆ, ಪಿಲ್‌ಮೋಗೆ ಕೊಟ್ಟಷ್ಟೇ ಶಿಕ್ಷೆ ನನಗೂ ಕೊಡಿ ಎಂದೆ. ಅದೇ ಅಧಿಕಾರಿ. ನನಗೆ ಕುರ್ಚಿ ಕೊಟ್ಟರು, ಕಾಫಿ ತರಿಸಿದರು. "ಹೋದ ವರ್ಷದ ಪುಸ್ತಕ ಮುಚ್ಚಾಗಿದೆ ಕಣಪ್ಪ. ಪತ್ರಿಕೆಯಲ್ಲಿ ಬಂದ ಹುಡುಗ ನೀನು. ನೀನೂ ಬಿದ್ದಿದ್ದೆ ಅಂದ್ರೆ ಜನ ಯಾರನ್ನ ನಂಬಬೇಕು? ಮನೆಗೆ ಹೋಗು," ಎಂದರು. ಕಾಫಿ ಕುಡಿಯದೆ ಎದ್ದು ಬಂದೆ.

ಅಲ್ಲಿಂದ ಇಲ್ಲಿಗೆ ಬಂದೆ. ಪಿಲ್‌ಮೋ ಇರಲಿಲ್ಲ. ಆಡದ ಹುಡುಗನಿಗೆ ಹಾಸ್ಟೆಲಿನ ಹಾಸಿಗೆ ಕೊಡುವುದಿಲ್ಲವಂತೆ. ಅವನ ಸೋದರಮಾವ ದೇಗುವಿನ ಕಾರ್ಖಾನೆಯೊಂದಕ್ಕೆ, ಕಬ್ಬಿಣ ಕಡೆಯುವ ಕೆಲಸಕ್ಕೆ ಕರೆದುಕೊಂಡು ಹೋಗಿದ್ದಾನೆ. ಅಜ್ಜಿ ಒಬ್ಬರೇ ಇದ್ದರು. ನಾನು ಯಾರು, ಏನು ಮಾಡಿದೆ ಎಂದು ಎಲ್ಲ ಹೇಳಿದೆ. ಅವರು ಕೇಳಿ, "ಊಟ ಆಯ್ತಾ?" ಎಂದರು. ಅದರ ಬಗ್ಗೆ ಈವರೆಗೂ ಬೇರೆ ಮಾತು ಆಡಿಲ್ಲ.

ಈಗ ಗಾಮ್ ಹಣ್ಣು ಸುಲಿದು ಒಣಗಲು ತೂಗುಹಾಕುವ ಕಾಲ. ದಿನಕ್ಕೆ ಸಾವಿರ ಹಣ್ಣು ಸುಲಿಯುತ್ತೇನೆ. "ತೆಳ್ಳಗೆ ತೆಗಿ. ದಪ್ಪ ಸಿಪ್ಪೆ ತೆಗೆದ್ರೆ ಒಳಗೆ ಏನಪ್ಪ ಉಳಿಯುತ್ತೆ," ಎನ್ನುತ್ತಾರೆ ಅಜ್ಜಿ. ಅಷ್ಟೇ ಬೈಗುಳ. ಅವರು ಊರೆಲ್ಲ ಕೇಳುವಂತೆ ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಚುಸೊಕ್ ಹಬ್ಬಕ್ಕೆ ಪಿಲ್‌ಮೋ ಬಂದಿದ್ದ. ಅಂಗಳದಲ್ಲಿ ನನ್ನನ್ನು ನೋಡಿ ಚೀಲ ಕೆಳಗಿಡಲಿಲ್ಲ. ನಾನು ಹೋದ ವರ್ಷದ ನನ್ನ ಕಥೆ ಹೇಳಿದೆ. ಕಾಲು, ಪಟ್ಟು, ಎಲ್ಲ. ಅವನು ಕೇಳಿ ನಕ್ಕ. "ನೀನು ಬಿದ್ದಾಗ ನಿಮ್ಮಮ್ಮ ಔಷಧಿ ಕಟ್ಟಿದ್ರು. ನಾನು ಬಿದ್ದಾಗ ಪತ್ರಿಕೆಯವರು ಬಂದ್ರು. ಇಷ್ಟೇ ಅಲ್ವಾ, ಅಣ್ಣ, ವ್ಯತ್ಯಾಸ?" ಎಂದ. ಅವನ ಬಲಗೈಯ ಎರಡು ಉಗುರು ಕಪ್ಪಾಗಿತ್ತು. ಸತ್ಬಾ ಹಿಡಿದು ತೋರಿಸು, ಮರಳಿಗೆ ಹೋಗೋಣ ಎಂದೆ. "ಯಾಕೆ? ಈ ಸಲ ನೀನು ಬೀಳ್ತೀಯಾ?" ಎಂದು ಒಳಗೆ ಹೋದ. ಮರುದಿನ ಬೆಳಗಿನ ಬಸ್ಸಿಗೆ ಹೊರಟುಹೋದ. ಮತ್ತೆ ಬಂದಿಲ್ಲ.

ಕಾಲೇಜಿಗೆ ನಾನು ಹೋಗುವುದಿಲ್ಲ. ಅವರು ಕರೆದದ್ದು ಗೋಡೆಯ ಮೇಲಿರುವ ಹುಡುಗನನ್ನು.

ಹೋದ ವಾರ ಅಜ್ಜಿ ಏಣಿಯಿಂದ ಜಾರಿ ಕಾಲು ಉಳುಕಿಸಿಕೊಂಡಿದ್ದಾರೆ. ಇವರದು ನಿಜವಾಗಿ ಊದಿದೆ. ನೋಡಿದಾಗಲೆಲ್ಲ ಒಂದು ಮಾತು ಕೇಳಬೇಕೆನಿಸುತ್ತದೆ. ಅಮ್ಮ, ಕಾಲಿನ ಮಾತು ತೆಗೆಯಬೇಡ ಎಂದು ಏಕೆ ಬರೆದಿರಿ?

ಉನ್‌ತೇಕ್


ನಾಮ್ಹೆ,
ನವೆಂಬರ್ 20, 1984

ಉನ್‌ತೇಕನಿಗೆ,

ಇದರ ಜೊತೆ ಒಂದು ಪೊಟ್ಟಣ ಬರುತ್ತದೆ. ಒಣಗಿದ ಚೀಜಾ ಕಾಯಿ ಇದೆ. ಅಜ್ಜಿಯ ಕಾಲಿಗೆ. ಕುಟ್ಟಿ ಪುಡಿ ಮಾಡಿ, ಗೋಧಿ ಹಿಟ್ಟು ಹಾಕಿ, ಮೊಟ್ಟೆಯ ಬಿಳಿಯಲ್ಲಿ ಕಲಸು. ದಪ್ಪಗಿರಲಿ. ಬಟ್ಟೆಯ ಮೇಲೆ ಹರಡಿ ಊತದ ಸುತ್ತ ಕಟ್ಟು. ಹಾಕುವಾಗ ಅರಿಶಿನದ ಹಾಗೆ ಹಳದಿ ಇರುತ್ತದೆ. ಬೆಳಿಗ್ಗೆ ಬಿಚ್ಚಿದಾಗ, ಒಳಗೆ ಪೆಟ್ಟಾಗಿದ್ದರೆ ಬಟ್ಟೆ ನೀಲಿಗೆ ತಿರುಗಿರುತ್ತದೆ. ಕೆಟ್ಟ ರಕ್ತವನ್ನು ಎಳೆದುಕೊಂಡಿತು ಎಂದು ನನ್ನಮ್ಮ ಹೇಳುತ್ತಿದ್ದಳು. ನೀಲಿ ಹೋಗಿ ಹಳದಿಯೇ ಉಳಿಯುವವರೆಗೆ ಕಟ್ಟಬೇಕು.

ಹೋದ ವರ್ಷ ನಿನ್ನ ಕಾಲಿನ ಬಟ್ಟೆಯನ್ನು ಬಿಚ್ಚಿದವಳು ನಾನು. ಮೊದಲ ಬೆಳಿಗ್ಗೆಯೂ ಅದು ಹಳದಿಯಾಗಿಯೇ ಇತ್ತು.

ನಲವತ್ತು ವರ್ಷದಿಂದ ಮೀನುಗಾರರ ಕಾಲಿಗೆ ಈ ಪಟ್ಟು ಕಟ್ಟಿದ್ದೇನೆ. ನಿನ್ನ ಕೈಗೆ ಸತ್ಬಾ ಹೇಗೋ ನನ್ನ ಕೈಗೆ ಇದು ಹಾಗೆ. ಮೊದಲ ದಿನವೇ ನನಗೆ ತಿಳಿಯಿತು. ಆದರೂ ಹೊಸದಾಗಿ ಕಲಸಿ ಮತ್ತೆ ಕಟ್ಟಿದೆ. ಕಟ್ಟದಿದ್ದರೆ ಏಕೆ ಬಿದ್ದೆ ಎಂದು ನಿನ್ನನ್ನು ಕೇಳಬೇಕಾಗುತ್ತಿತ್ತು. ಕೇಳಿದರೆ ನೀನು ಹೇಳಿಬಿಡುತ್ತಿದ್ದೆ. ಹೇಳಿದ ಮೇಲೆ ನಾನು ನಿನ್ನ ತಾತನ ಮಗಳಾಗಿ ಏನಾದರೂ ಮಾಡಬೇಕಾಗುತ್ತಿತ್ತು. ನೀನು ಕಣ್ಣು ಮುಚ್ಚಿಕೊಂಡಿದ್ದೆ ಎಂದು ಬರೆದಿದ್ದೀಯ. ನನ್ನ ಕಣ್ಣು ತೆರೆದೇ ಇತ್ತು, ಮಗ.

ಅದಕ್ಕಿಂತ ಕೆಟ್ಟದ್ದು ಒಂದಿದೆ. ಸರದಿಯಂತೆ ಬೀಳುವ ಈ ಪದ್ಧತಿ ಊರಿನ ಕುಸ್ತಿ ಹುಡುಗರ ತಾಯಂದಿರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆ ವರ್ಷವೆಲ್ಲ ನಸುಕಿನ ಪ್ರಾರ್ಥನೆಯಲ್ಲಿ ನಾನು ಕೇಳಿದ್ದು, "ಕರ್ತನೇ, ನನ್ನ ಮಗ ಗೆಲುವು ಕೊಟ್ಟಿದ್ದಾನೆ, ಅವನಿಗೂ ಸಿಗಲಿ," ಎಂದು. ಸರದಿ ಎಂಬುದು ಕರ್ತನ ಮುಂದಿಲ್ಲ ಎಂದು ನಿನಗೆ ಬರೆದವಳು ನಾನೇ. ಕಡುಬು ಹಂಚಿದ್ದು ಆ ಪ್ರಾರ್ಥನೆ ಈಡೇರಿತೆಂದು. ಕಾಲಿನ ಮಾತು ಬೇಡ ಎಂದದ್ದು, ಅದು ಹೊರಗೆ ಬಂದರೆ ಬಟ್ಟೆಯೂ ಹೊರಗೆ ಬರುತ್ತದೆಂದು. ನಿನ್ನನ್ನು ನಿಲ್ಲಿಸಿ ಹೇಳಿಸಿದೆ, ನಾನು ಕುಳಿತೇ ಇದ್ದೆ. ನನ್ನ ಹೆಸರು ಉಳಿಸಲು ಹೋಗಿ ಆ ಹುಡುಗನೊಬ್ಬನನ್ನೇ ಪುಸ್ತಕದಲ್ಲಿ ಬಿಟ್ಟೆ.

ಮೊನ್ನೆ ಸುಗ್ಗಿಯ ಸ್ತೋತ್ರದ ಭಾನುವಾರ. ಎಲ್ಲರೂ ಪೀಠದ ಮುಂದೆ ಕುಂಬಳ, ಭತ್ತ, ಹಣ್ಣು ತಂದಿಟ್ಟಿದ್ದರು. ನಾನು ಬರಿಗೈಯಲ್ಲಿ ಹೋಗಿ ನಿಂತು ಇದನ್ನೆಲ್ಲ ಹೇಳಿದೆ. ಸಭೆಯ ಹಿರಿಯಮ್ಮನ ಸ್ಥಾನದಿಂದ ನನ್ನನ್ನು ತೆಗೆಯಿರಿ, ಗೋಡೆಯ ಚಿತ್ರವನ್ನೂ ತೆಗೆಯಿರಿ ಎಂದೆ. ಸಭೆ ಮೆತ್ತಗೆ ಆಮೆನ್ ಎಂದಿತು. ಸಭಾಪಾಲಕರ ಹೆಂಡತಿ ಬಂದು ನನ್ನ ಬೆನ್ನು ಸವರಿದಳು. "ತಾಯಿ ಕರುಳು, ಹಿರಿಯಮ್ಮ. ಯಾರು ತಾನೇ ತಪ್ಪು ಅಂತಾರೆ?" ಎಂದರು ತಾಕ್. ಯಾರೂ ಅನ್ನಲಿಲ್ಲ. ಸಭಾಪಾಲಕರು ಇದನ್ನೇ ಮುಂದಿನ ವಾರದ ಪ್ರಸಂಗ ಮಾಡುತ್ತಾರಂತೆ. ಆಮೇಲೆ ಎಲ್ಲರೂ ಕುಳಿತು ಬಿಸಿ ಸಾರು ಕುಡಿದೆವು.

ನನ್ನನ್ನು ಕ್ಷಮಿಸಲು ಅವರಿಗೆ ಸಾರು ಬಿಸಿಯಾಗುವಷ್ಟು ಹೊತ್ತೂ ಬೇಕಾಗಲಿಲ್ಲ. ನಿನಗೆ ಕುರ್ಚಿ ಕೊಟ್ಟು ಕಾಫಿ ತರಿಸಿದರು. ನನಗೆ ಬೆನ್ನು ಸವರಿದರು. ಒಂದು ವರ್ಷದ ನಿಷೇಧವನ್ನು ಯಾರೂ ನಮಗೆ ಹಾಕುವುದಿಲ್ಲ.

ಸಂಘಕ್ಕೆ ಬರೆದೆ. ಉತ್ತರವಿಲ್ಲ. ಪಿಲ್‌ಮೋನ ಕಾರ್ಖಾನೆಗೆ ಬರೆಯೋಣವೆಂದು ಮೂರು ಸಲ ಕುಳಿತೆ. 'ಮಗು' ಎಂದು ಬರೆದು ನಿಲ್ಲಿಸುತ್ತೇನೆ. ಮುಂದೆ ಏನು ಬರೆಯಬೇಕೋ ತಿಳಿಯುವುದಿಲ್ಲ. ಅಪ್ಪಣೆ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಬೇರೆ ಕಲಿತಿಲ್ಲ. ಬೆಳಗಿನ ಪ್ರಾರ್ಥನೆಗೆ ಈಗಲೂ ಹೋಗುತ್ತೇನೆ. ಮಂಡಿಯೂರಿ ಕುಳಿತು, ಏನನ್ನೂ ಕೇಳದೆ ಎದ್ದು ಬರುತ್ತೇನೆ.

ಮನೆಗೆ ಬಾ ಎಂದು ಹೇಳುವುದಿಲ್ಲ. ಸಿಪ್ಪೆ ತೆಳ್ಳಗೆ ತೆಗೆ. ಅಜ್ಜಿಯ ಕಾಲಿಗೆ ಇಂದೇ ಕಟ್ಟು. ನಾಳೆ ಬೆಳಿಗ್ಗೆ ಬಿಚ್ಚಿದಾಗ ಬಟ್ಟೆ ಯಾವ ಬಣ್ಣವಿತ್ತು ಎಂದು ನನಗೆ ಬರೆ.

ಅಮ್ಮ